ಕನ್ನಡ ಹೇಗೆ ಕಲಿತೆ ಅಂತ ಯಾರೂ ಕೇಳಿರಲಿಲ್ಲ

ಈ ಸೆಮಿಸ್ಟರ್ ಶುರುವಾದ ಹೊಸದರಲ್ಲಿ ನಮ್ಮ ಇಂಗ್ಲಿಷ್ ಮೇಡಂ ಕ್ಲಾಸಿನಲ್ಲಿ ಒಂದು ಹಾಳೆ ಹಂಚಿದರು. ಝೆರಾಕ್ಸ್ ಮಾಡಿದ್ದು, ಎರಡೂ ಮಗ್ಗುಲಿಗೆ ಪ್ರಿಂಟು. ಅದರಲ್ಲಿ 50 ವಾಕ್ಯಗಳು. ಒಂದೊಂದನ್ನೂ ಓದಿ ಮುಂದೆ 1ರಿಂದ 5ರವರೆಗೆ ಒಂದು ಅಂಕಿ ಬರೆಯಬೇಕು. ಆ ವಾಕ್ಯ ನಮ್ಮ ಮಟ್ಟಿಗೆ ಯಾವತ್ತೂ ನಿಜ ಅಲ್ಲ ಅಂದರೆ 1, ಯಾವಾಗಲೂ ನಿಜ ಅಂದರೆ 5. ಹೊಸ ಪದ ನೆನಪಿಟ್ಟುಕೊಳ್ಳೋಕೆ ಏನು ಮಾಡುತ್ತೀರಿ, ಪದ ಸಿಗದಿದ್ದಾಗ ಏನು ಮಾಡುತ್ತೀರಿ, ಮಾತಾಡೋಕೆ ಭಯ ಆದಾಗ ಏನು ಮಾಡುತ್ತೀರಿ, ಹೀಗೆ. ರೆಬೆಕಾ ಆಕ್ಸ್‌ಫರ್ಡ್ ಅನ್ನೋ ಅಮೆರಿಕದ ತಜ್ಞೆ 1990ರಲ್ಲಿ ಹೊರತಂದ ಪ್ರಶ್ನಾವಳಿ ಅದು. ಭಾಷೆ ಕಲಿಯೋರು ಬಳಸುವ ದಾರಿಗಳನ್ನ ಅವರು ಆರು ಗುಂಪು ಮಾಡಿದ್ದಾರೆ. ನೆನಪಿಟ್ಟುಕೊಳ್ಳುವ ದಾರಿಗಳು, ತಲೆ ಓಡಿಸುವ ದಾರಿಗಳು, ಗೊತ್ತಿಲ್ಲದ್ದನ್ನ ಹೇಗೋ ಸರಿದೂಗಿಸಿಕೊಳ್ಳುವ ದಾರಿಗಳು, ನಮ್ಮ ಕಲಿಕೆಯನ್ನ ನಾವೇ ಗಮನಿಸಿಕೊಳ್ಳುವ ದಾರಿಗಳು, ಮನಸ್ಸಿನ ಅಳುಕನ್ನ ನಿಭಾಯಿಸುವ ದಾರಿಗಳು, ಬೇರೆಯವರ ಜೊತೆ ಸೇರಿ ಕಲಿಯುವ ದಾರಿಗಳು.

ನಾನು ಅಂಕಿ ಬರೆಯುತ್ತಾ ಹೋದೆ. ಪದ ಸಿಗದಿದ್ದಾಗ ಕೈಸನ್ನೆ ಮಾಡುತ್ತೇನೆ: 1. ಪದ ಗೊತ್ತಿಲ್ಲದಿದ್ದರೆ ನಾನೇ ಒಂದನ್ನ ಕಟ್ಟುತ್ತೇನೆ: 1. ಎದುರಿನವರು ಮುಂದೆ ಏನು ಹೇಳಬಹುದು ಅಂತ ಊಹಿಸುತ್ತೇನೆ: 1. ಮಾತಾಡೋಕೆ ಜನರನ್ನ ಹುಡುಕಿಕೊಂಡು ಹೋಗುತ್ತೇನೆ: 1. ಅಷ್ಟು ಹೊತ್ತಿಗೆ ಪೆನ್ನು ನಿಂತಿತು. ಇದೆಲ್ಲಾ ನಾನು ಮಾಡಿಲ್ಲ ಅಂತಲ್ಲ. ಮಾಡಿದ್ದೇನೆ, ದಿನಾ ಮಾಡಿದ್ದೇನೆ, ಕನ್ನಡ ಕಲಿಯುವಾಗ. ಅಲ್ಲಿ ಇಂಗ್ಲಿಷ್ ಅನ್ನೋ ಪದದ ಜಾಗದಲ್ಲಿ ಕನ್ನಡ ಅಂತಿದ್ದಿದ್ದರೆ ಅಷ್ಟೂ ವಾಕ್ಯಗಳಿಗೆ ಕಣ್ಣುಮುಚ್ಚಿಕೊಂಡು 5 ಬರೆಯುತ್ತಿದ್ದೆ. ಅದೇ ತಲೆ, ಅದೇ ನಾಲಿಗೆ. ಹಾಗಾದರೆ ಕ್ಲಾಸ್‌ರೂಮಿನ ಬಾಗಿಲು ದಾಟುವಾಗ ಆ ಬುದ್ಧಿ ಎಲ್ಲಿ ಹೋಯಿತು? ಈ ಪ್ರಶ್ನೆ ಅವತ್ತಿಂದ ನನ್ನನ್ನ ಬಿಟ್ಟಿಲ್ಲ.

ಜಗಳ ಆಡೋಕೆ ಬೇಕಾದ ಕನ್ನಡ

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ನಮ್ಮ ಬೀದಿಯಲ್ಲಿ ಎಲ್ಲರದ್ದೂ ತೆಲುಗು. ಹಾಲಿನ ಡೇರಿ ದಾಟಿದರೆ ಕನ್ನಡದ ಮನೆಗಳು. ಒಂದನೇ ಕ್ಲಾಸಿಗೆ ಸೇರೋ ಹೊತ್ತಿಗೆ ನನಗೆ ಬರುತ್ತಿದ್ದ ಕನ್ನಡ ಬಹಳ ಕಡಿಮೆ. ಆದರೂ ಆ ವರ್ಷ ಮುಗಿಯೋದರೊಳಗೆ ನಾನು ಕನ್ನಡದಲ್ಲಿ ಜಗಳ ಆಡುತ್ತಿದ್ದೆ. ಅಕ್ಷರ ಕಲಿಸಿದ್ದು ಸ್ಕೂಲು, ಅದರಲ್ಲಿ ಎರಡು ಮಾತಿಲ್ಲ. ಮಾತು ಕಲಿಸಿದ್ದು ಮಾತ್ರ ಲಗೋರಿ.

ಒಂದು ದಿನದ ಆಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಡೇರಿ ಮುಂದಿನ ಬಯಲು. ಬಿಲ್ಲೆಕಲ್ಲು ಜೋಡಿಸೋಕೆ ಓಡಿದ್ದೆ, ಹಿಂದಿನಿಂದ ಚೆಂಡು ಬಂತು, ಲಂಗದ ಅಂಚಿನ ಪಕ್ಕದಲ್ಲೇ ಹಾದುಹೋಯಿತು. ಆ ಕಡೆಯವರು ಔಟ್ ಔಟ್ ಅಂತ ಕೂಗಿದರು. ನಾನು ‘ತಗಲ್ಲೇದು, ತಗಲ್ಲೇದು’ ಅಂದೆ. ಅವರಿಗೆ ಅರ್ಥ ಆಗಿತ್ತು, ಅರ್ಥ ಆಗದವರ ಹಾಗೆ ನಿಂತರು. ಆಟದಲ್ಲಿ ಅದೂ ಒಂದು ತಂತ್ರ ಅಲ್ವಾ. ನನಗೆ ಸಿಟ್ಟು ಬಂತು. ನಾವು ಲೇದು ಅನ್ನೋ ಕಡೆ ಇವರು ಇಲ್ಲ ಅನ್ನುತ್ತಾರೆ ಅನ್ನೋದು ಅಷ್ಟರಲ್ಲಿ ಕಿವಿಗೆ ಬಿದ್ದು ಬಿದ್ದು ಗೊತ್ತಿತ್ತು. ‘ತಗಲ್ಲಿಲ್ಲ! ನಂಗೆ ತಗಲ್ಲಿಲ್ಲ!’ ಅಂತ ಕಿರುಚಿದೆ. ಒಬ್ಬಳು ನಕ್ಕಳು. ಇನ್ನೊಬ್ಬಳು ‘ತಗುಲಿಲ್ಲ ಅನ್ನೇ’ ಅಂದಳು. ಅಷ್ಟು ಹೊತ್ತಿಗೆ ಚೆಂಡು ಇನ್ಯಾರ ಕೈಗೋ ಸಿಕ್ಕಿತ್ತು, ಆಟ ಮುಂದೆ ಹೋಗಿತ್ತು. ಯಾರೂ ನಿಲ್ಲಿಸಿ ಪಾಠ ಮಾಡಲಿಲ್ಲ. ತಿದ್ದಿದ್ದು ಒಂದೇ ಒಂದು ಮಾತಿನಲ್ಲಿ, ಆ ಮಾತು ನನಗೆ ಬೇಕಾಗಿದ್ದ ಗಳಿಗೆಯಲ್ಲಿ.

ಇನ್ನೊಂದು ದಾರಿಯೂ ನಮಗೆ ಸಿಕ್ಕಿತ್ತು. ನಮ್ಮ ಪಾಲು ಅವರಿಗೆ ಹಾಲು. ನಮ್ಮ ಪುಲಿ ಅವರ ಹುಲಿ. ಪಂದಿ ಹಂದಿ, ಪಂಡು ಹಣ್ಣು. ‘ಪ’ ತೆಗೆದು ‘ಹ’ ಹಾಕಿದರೆ ಕನ್ನಡ ಬರುತ್ತದೆ ಅಂತ ನಮ್ಮ ಬೀದಿಯ ಮಕ್ಕಳೆಲ್ಲಾ ಒಬ್ಬರಿಂದೊಬ್ಬರು ಕಲಿತಿದ್ದೆವು. ನಮ್ಮ ಚಿಕ್ಕಪ್ಪನ ಮಗ ಅದೇ ಲೆಕ್ಕದಲ್ಲಿ ಪಾಮುವನ್ನ ಹಾಮು ಮಾಡಿದ, ಯಾರೋ ಹಾವು ಅಂತ ತಿದ್ದಿದರು. ಪಿಲ್ಲಿಯನ್ನ ಹಿಲ್ಲಿ ಮಾಡಿದ, ಅದು ನಡೆಯಲಿಲ್ಲ, ಬೆಕ್ಕು ಅಂತ ಬೇರೆಯೇ ಕಲಿಯಬೇಕಾಯಿತು. ಮುಂದೆ ಹೈಸ್ಕೂಲಿಗೆ ಬಂದು ಹಳಗನ್ನಡ ಪದ್ಯದಲ್ಲಿ ಪಾಲ್, ಪುಲಿ ಅಂತ ನೋಡಿದಾಗ ನಮಗೆ ಆಶ್ಚರ್ಯಕ್ಕಿಂತ ಖುಷಿ ಜಾಸ್ತಿ ಆಯಿತು. ಕನ್ನಡದಲ್ಲೂ ಒಂದು ಕಾಲಕ್ಕೆ ‘ಪ’ ಇದ್ದಿದ್ದೇ ಆಮೇಲೆ ‘ಹ’ ಆಗಿದ್ದು. ಮಕ್ಕಳು ಆಡುತ್ತಾ ಹಿಡಿದ ನಿಯಮ ಭಾಷೆಯ ಚರಿತ್ರೆಯಲ್ಲೇ ಇತ್ತು.

ಪಿಟ್ ಕಾರ್ಡರ್ ಅನ್ನೋ ಬ್ರಿಟಿಷ್ ವಿದ್ವಾಂಸರು 1967ರಲ್ಲಿ ಒಂದು ಲೇಖನ ಬರೆದರು. ಕಲಿಯೋರು ಮಾಡುವ ತಪ್ಪು ಬರೀ ಗುಡಿಸಿ ಹಾಕಬೇಕಾದ ಕಸ ಅಲ್ಲ, ಅವರ ತಲೆಯೊಳಗೆ ಯಾವ ನಿಯಮ ಕೆಲಸ ಮಾಡುತ್ತಿದೆ ಅಂತ ತೋರಿಸೋದು ಅದೇ, ಅನ್ನೋದು ಅವರ ವಾದ. ಮೇಡಂ ಇದನ್ನ ಪಾಠ ಮಾಡಿದಾಗ ನನಗೆ ಹಿಲ್ಲಿ ನೆನಪಾಯಿತು. ಆ ಹುಡುಗ ಸುಮ್ನೆ ಬಾಯಿಗೆ ಬಂದಿದ್ದು ಅಂದಿರಲಿಲ್ಲ. ಲೆಕ್ಕ ಹಾಕಿ ಅಂದಿದ್ದ.

ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ

ನಮ್ಮದು ರೇಷ್ಮೆ ಮನೆ. ಗೂಡು ಬಿಡಿಸಿದ ಮೇಲೆ ಅಪ್ಪ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾರೆ. ರಜೆಯಿದ್ದರೆ ನಾನೂ ಜೊತೆಗೆ ಹೋಗುತ್ತೇನೆ. ಈಗ ಇ-ಹರಾಜು ಬಂದಿದೆ, ಬೆಲೆ ಮೊಬೈಲಿನಲ್ಲಿ ಏರುತ್ತದೆ. ಆದರೆ ಗೂಡು ನೋಡೋದು ಕೈಯಲ್ಲೇ, ಮಾತು ಬಾಯಲ್ಲೇ. ರೀಲರ್‌ಗಳಲ್ಲಿ ಅಂದರೆ ಗೂಡು ಕೊಂಡು ನೂಲು ತೆಗೆಯೋರಲ್ಲಿ ಬಹಳ ಜನ ಉರ್ದು ಮಾತಾಡೋರು. ಅಪ್ಪ ಉರ್ದುವನ್ನ ಯಾವ ಸ್ಕೂಲಲ್ಲೂ ಕಲಿತಿಲ್ಲ.

ಒಂದು ಸಲ ಒಬ್ಬ ರೀಲರ್ ಬಂದು ಹಿಡಿ ಗೂಡು ಎತ್ತಿ ಬೆರಳಲ್ಲಿ ಒತ್ತಿ ನೋಡಿದರು. ‘ಮಾಲ್ ಜರಾ ನರಮ್ ಹೈ ಅಣ್ಣಾ’ ಅಂದರು, ಗೂಡು ಸ್ವಲ್ಪ ಮೆತ್ತಗಿದೆ ಅಂತ. ಅಪ್ಪ ಬಿಡಲಿಲ್ಲ. ‘ನರಮ್ ನೈ ಭಾಯ್’ ಅಂದರು. ಮುಂದಿನ ಮಾತು ಅವರಿಗೆ ಸಿಗಲಿಲ್ಲ, ಅಲ್ಲಾಡಿಸಿ ನೋಡಿ ಅನ್ನಬೇಕಿತ್ತು. ಒಂದು ಗೂಡು ತೆಗೆದುಕೊಂಡರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ‘ಐಸಾ, ಐಸಾ ದೇಖೋ’ ಅಂದರು. ಒಳಗಿನ ಕೋಶ ಗಟ್ಟಿಯಾಗಿದ್ದರೆ ಟಕಟಕ ಅಂತ ಸದ್ದು ಬರುತ್ತದೆ, ಅದು ಒಳ್ಳೆ ಗೂಡಿನ ಗುರುತು. ರೀಲರ್ ನಕ್ಕು ‘ಹಿಲಾಕೆ ದೇಖಾ ಅಣ್ಣಾ, ದೇಖಾ’ ಅಂತ ಪಕ್ಕದ ಲಾಟಿಗೆ ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು. ಅಪ್ಪ ಅವರಿಗೆ ಹೇಳಿದ ಮೊದಲ ಮಾತೇ ‘ಹಿಲಾಕೆ ದೇಖೋ ಭಾಯ್’. ನನ್ನ ಕಣ್ಣೆದುರೇ ಒಂದು ಪದ ಇವರ ಬಾಯಿಂದ ಅವರ ಬಾಯಿಗೆ ಬಂದಿತ್ತು. ಆ ಪ್ರಶ್ನಾವಳಿಯ ಮೂರನೇ ಭಾಗ, ಸರಿದೂಗಿಸಿಕೊಳ್ಳುವ ದಾರಿಗಳು ಅಂತ ಏನಿದೆಯೋ, ಅದನ್ನ ಅಪ್ಪ ಗೂಡಿನ ರಾಶಿ ಮುಂದೆ ನಿಂತು ಮಾಡಿ ತೋರಿಸಿದ್ದರು. ಅಪ್ಪನಿಗೆ ಆ ಹಾಳೆ ಕೊಟ್ಟರೆ ಎಷ್ಟು 5 ಬರೆಯುತ್ತಾರೋ.

ಜೋನ್ ರೂಬಿನ್ ಅನ್ನೋರು 1975ರಲ್ಲೇ, ಚೆನ್ನಾಗಿ ಭಾಷೆ ಕಲಿಯೋರು ಏನು ಮಾಡುತ್ತಾರೆ ಅಂತ ಗಮನಿಸಿ ಬರೆದಿದ್ದಾರೆ. ಧೈರ್ಯವಾಗಿ ಊಹಿಸುತ್ತಾರೆ. ಹೇಗಾದರೂ ವಿಷಯ ತಲುಪಿಸಲೇಬೇಕು ಅನ್ನೋ ಹಟ ಇರುತ್ತದೆ. ತಪ್ಪಾದರೆ ನಗುತ್ತಾರೆ ಅನ್ನೋ ಸಂಕೋಚ ಇರೋಲ್ಲ. ಭಾಷೆಯ ರೂಪವನ್ನೂ ಅರ್ಥವನ್ನೂ ಗಮನಿಸುತ್ತಾ ಇರುತ್ತಾರೆ. ಇದನ್ನ ಓದಿದಾಗ ನನಗೆ ಮಾರುಕಟ್ಟೆಯ ಅರ್ಧ ಜನ ಕಣ್ಣ ಮುಂದೆ ಬಂದರು. ನಮ್ಮ ಕಡೆ ಇದು ಅಪರೂಪದ ಗುಣ ಅಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಜ್ಞಾನಪೀಠ ಬಂದಿದ್ದು ಕನ್ನಡಕ್ಕೆ. ಅವರು ದೊಡ್ಡವರು, ಆ ಮಾತು ಬೇರೆ. ಆದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟೋದು ಈ ನೆಲದ ದಿನನಿತ್ಯದ ಕೆಲಸ ಅನ್ನೋದಕ್ಕೆ ಅವರೂ ಸಾಕ್ಷಿ.

ಬಾಯಿಪಾಠ ಕೆಟ್ಟದ್ದಾ?

ಇಂಥ ಮಕ್ಕಳು ಇಂಗ್ಲಿಷ್ ಪೀರಿಯಡ್ಡಿಗೆ ಬಂದು ಕೂತಾಗ ಏನಾಗುತ್ತದೆ? ನಮಗೆ ಸಿಕ್ಕ ದಾರಿ ಒಂದೇ: ಉರು ಹೊಡೆಯೋದು. ಪಾಠದ ಪ್ರಶ್ನೋತ್ತರ ಗೈಡಿನಿಂದ, ಪ್ರಬಂಧ ಗೈಡಿನಿಂದ, ರಜಾ ಅರ್ಜಿಯೂ ಗೈಡಿನಿಂದ. ಹೈಸ್ಕೂಲಲ್ಲಿ ನನ್ನ ಜೊತೆ ಒಬ್ಬಳಿದ್ದಳು, ಪದ್ಯದ ಸಾರಾಂಶವನ್ನ ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಒಂದು ದಿನ ಬೇರೆ ಸ್ಕೂಲಿನಿಂದ ಬಂದಿದ್ದ ಟೀಚರೊಬ್ಬರು ಅವಳಿಗೆ, ನಿನಗೆ ಈ ಪದ್ಯದಲ್ಲಿ ಯಾವ ಸಾಲು ಇಷ್ಟ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಬಹಳ ಸುಲಭದ ಪ್ರಶ್ನೆ, ಒಂದು ಸಾಲು ಓದಿದರೆ ಸಾಕಿತ್ತು. ಅವಳು ಸುಮ್ಮನೆ ನಿಂತಳು. ಅವಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಮನೆಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದಳು, ಮೂರು ಭಾಷೆಯಲ್ಲಿ ಸಾಲ ವಸೂಲಿ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಅವಳನ್ನ ಯಾರಾದರೂ ನಿಜವಾಗಿ ಏನಾದರೂ ಕೇಳಿದ್ದು ಅದೇ ಮೊದಲು.

ಇಷ್ಟು ಹೇಳಿದ ಮೇಲೆ ಬಾಯಿಪಾಠವನ್ನ ಬೈಯೋದು ಸುಲಭ. ನಾನು ಬೈಯೋಲ್ಲ. ಮಗ್ಗಿ ಬಾಯಿಪಾಠ ಮಾಡಿದ್ದು ಇವತ್ತಿಗೂ ಗೂಡಿನ ಲೆಕ್ಕಕ್ಕೆ ಬರುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಿಸಿದರು. ಕೆಲವರಿಗೆ ಅದನ್ನೇ ಮತ್ತೆ ಓದೋಕೆ ಹೇಳಿದರು. ಇನ್ನು ಕೆಲವರಿಗೆ ಪಠ್ಯ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯೋಕೆ ಹೇಳಿದರು. 5 ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಲೆಕ್ಕ ತಿರುಗಿತು, ಮುಚ್ಚಿಟ್ಟು ಬರೆದವರಿಗೇ ಜಾಸ್ತಿ ನೆನಪಿತ್ತು. ಅಂದರೆ ನಮ್ಮ ಅಜ್ಜಿಯ ಕಾಲದವರು ಪುಸ್ತಕ ಮುಚ್ಚಿ ‘ಒಪ್ಪಿಸು’ ಅನ್ನುತ್ತಿದ್ದರಲ್ಲ, ಆ ಮುಚ್ಚಿ ಒಪ್ಪಿಸೋದರಲ್ಲಿ ಸತ್ವ ಇತ್ತು. ಗೈಡನ್ನ ತೆರೆದಿಟ್ಟುಕೊಂಡು ಹತ್ತು ಸಲ ಓದಿ, ಸಾಲುಗಳ ಕೆಳಗೆ ಗೆರೆ ಎಳೆದು, ಬಂತು ಅಂದುಕೊಳ್ಳೋದರಲ್ಲಿ ಇಲ್ಲ.

ಪರೀಕ್ಷೆ ಹಿಂದಿನ ರಾತ್ರಿ ಪೂರ್ತಿ ಓದೋದರ ಕಥೆಯೂ ಅಷ್ಟೇ. ರೇಷ್ಮೆ ಹುಳಕ್ಕೆ ಒಂದೇ ಸಲ ಒಂದು ಗಾಡಿ ಸೊಪ್ಪು ಹಾಕಿ ಬಾಗಿಲು ಹಾಕಿಕೊಂಡು ಹೋದರೆ ಆಗುತ್ತದಾ? ತಿಂದಷ್ಟು ತಿಂದು ಮಿಕ್ಕಿದ್ದು ಬಾಡಿ ಹೋಗುತ್ತದೆ. ಹೊತ್ತು ಹೊತ್ತಿಗೆ ಇಷ್ಟಿಷ್ಟೇ ಹಾಕಬೇಕು. ಪದಗಳನ್ನೂ ಈಗ ಹಾಗೇ ಕಲಿಯುತ್ತಿದ್ದೇನೆ. ಇವತ್ತು ಸಿಕ್ಕಿದ ಪದವನ್ನ ನಾಳೆ ಬಸ್ಸಲ್ಲಿ, ಆಮೇಲೆ ಎರಡು ಮೂರು ದಿನ ಬಿಟ್ಟು, ಆಮೇಲೆ ಮುಂದಿನ ವಾರ, ಪುಸ್ತಕ ನೋಡದೆ ನೆನಪು ಮಾಡಿಕೊಳ್ಳುತ್ತೇನೆ. ಪದ ಒಂದನ್ನೇ ಅಲ್ಲ, ಅದು ಸಿಕ್ಕಿದ ವಾಕ್ಯದ ಜೊತೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗೋ ಬಸ್ಸಲ್ಲಿ ಇದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ, ಕೂರೋಕೆ ಸೀಟು ಸಿಗದಿದ್ದರೂ ನಡೆಯುತ್ತದೆ.

ಹಾಗಾಗಿ ನನ್ನ ತಕರಾರು ಉರು ಹೊಡೆಯೋದರ ಮೇಲಲ್ಲ. ಅದೊಂದೇ ದಾರಿ ಅಂತ ಮಾಡಿದ್ದರ ಮೇಲೆ. ಅರ್ಧ ಗೊತ್ತಿರೋ ಭಾಷೆಯನ್ನ ಅರ್ಧ ಗೊತ್ತಿರುವಾಗಲೇ ಬಳಸೋಕೆ ನಮಗೆ ಜಾಗ ಸಿಗಲಿಲ್ಲ. ಕನ್ನಡವನ್ನ ನಾವು ಪೂರ್ತಿ ಕಲಿತು ಆಮೇಲೆ ಮಾತಾಡಿದ್ದಲ್ಲ. ಇಂಗ್ಲಿಷನ್ನ ಮಾತ್ರ ಪೂರ್ತಿ ಕಲಿತ ಮೇಲೆ ಬಾಯಿ ತೆಗೆಯಬೇಕು ಅನ್ನೋ ಹಾಗೆ ಕೂರಿಸಿದರು.

ನಗು ಎರಡು ಥರ

ಕ್ಲಾಸಿನಲ್ಲಿ ನಗುತ್ತಾರೆ, ಅದಕ್ಕೇ ಮಾತಾಡೋಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಯೋಚನೆ ಮಾಡಿ ನೋಡಿದರೆ ಲಗೋರಿ ಬಯಲಲ್ಲೂ ನಕ್ಕಿದ್ದರು. ಹಿಲ್ಲಿ ಅಂದಾಗ ಇಡೀ ಬೀದಿ ನಕ್ಕಿತ್ತು. ಆ ಹುಡುಗ ಬಾಯಿ ಮುಚ್ಚಲಿಲ್ಲ. ಹಾಗಾದರೆ ತಪ್ಪು ನಗುವಿನದಲ್ಲ. ಬಯಲಲ್ಲಿ ನಕ್ಕ ಮೇಲೂ ಆಟ ನಡೆಯುತ್ತದೆ, ಅವನಿಗೆ ಮತ್ತೆ ಚೆಂಡು ಸಿಗುತ್ತದೆ, ಮತ್ತೆ ಕೂಗಬೇಕಾಗುತ್ತದೆ. ಕ್ಲಾಸಿನಲ್ಲಿ ನಕ್ಕರೆ ಆಟವೇ ನಿಲ್ಲುತ್ತದೆ. ಟೀಚರ್ ‘ಸೈಲೆನ್ಸ್’ ಅನ್ನುತ್ತಾರೆ, ಅವನನ್ನ ಕೂರಿಸಿ, ಇಂಗ್ಲಿಷ್ ಬರೋ ಹುಡುಗಿಯನ್ನ ಎಬ್ಬಿಸುತ್ತಾರೆ. ಅವನ ಸರದಿ ಮತ್ತೆ ಬರೋಲ್ಲ. ಅರವತ್ತು ಎಪ್ಪತ್ತು ಜನ ಇರೋ ಕ್ಲಾಸಿನಲ್ಲಿ ಆ ವರ್ಷ ಪೂರ್ತಿ ಬರದೇ ಇರಬಹುದು. ನೆನಪಿನಲ್ಲಿ ಉಳಿಯೋದು ಆ ನಗು ಒಂದೇ.

ನಮ್ಮ ಈಗಿನ ಮೇಡಂ ಒಂದು ಸಣ್ಣ ಕೆಲಸ ಮಾಡುತ್ತಾರೆ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯಾರಾದರೂ ಮಾತಾಡುವಾಗ ತಡವರಿಸಿದರೆ ಅವರು ಕಾಯುತ್ತಾರೆ. ಪದ ಕೊಡೋಕೆ ಆತುರ ಮಾಡೋಲ್ಲ. ಯಾರಾದರೂ ನಕ್ಕರೆ, ನಕ್ಕವರನ್ನ ಬೈಯೋಲ್ಲ, ತಡವರಿಸಿದವರನ್ನೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಮಾತು ಅವರ ಹತ್ತಿರವೇ ಉಳಿಯುತ್ತದೆ. ನಗು ತಾನಾಗಿ ಕರಗುತ್ತದೆ. ನಾನು ಮುಂದೆ ಬಿ.ಎಡ್. ಮಾಡಬೇಕು ಅಂತಿದ್ದೇನೆ. ಟೀಚರ್ ಆದರೆ ಇದೊಂದನ್ನ ಖಂಡಿತ ಮಾಡುತ್ತೇನೆ.

ಹುಳದ ಜ್ವರ

ಆ ಕ್ಲಾಸಿನಲ್ಲೇ ಒಂದು ಸೆಮಿನಾರ್ ಇತ್ತು. ತಮಗೆ ಚೆನ್ನಾಗಿ ಗೊತ್ತಿರೋ ಯಾವುದಾದರೂ ಕೆಲಸದ ಬಗ್ಗೆ ಐದು ನಿಮಿಷ, ಚೀಟಿ ನೋಡದೆ. ನಾನು ರೇಷ್ಮೆ ಸಾಕಣೆ ಆರಿಸಿಕೊಂಡೆ. ಗೂಡು, ಹಿಪ್ಪುನೇರಳೆ ಇವಕ್ಕೆಲ್ಲಾ ಇಂಗ್ಲಿಷ್ ಪದ ಗೊತ್ತಿತ್ತು, ರೇಷ್ಮೆ ಇಲಾಖೆಯ ಬೋರ್ಡುಗಳಲ್ಲೇ ನೋಡಿದ್ದೇನೆ. ಚಾಕಿ ಹುಳ, ಅಂದರೆ ಎಳೇ ಹುಳ ತಂದಿದ್ದು, ಸೊಪ್ಪು ಕತ್ತರಿಸಿ ಹಾಕೋದು, ಎಲ್ಲಾ ಹೇಳುತ್ತಾ ಬಂದೆ. ಜ್ವರದ ಹತ್ತಿರ ಬಂದು ನಿಂತುಬಿಟ್ಟೆ. ಸಾಕಿದವರಿಗೆ ಗೊತ್ತು, ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟೋಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ, ಆಮೇಲೆ ಹಳೇ ಚರ್ಮ ಬಿಟ್ಟು ಏಳುತ್ತದೆ. ಫೀವರ್ ಅಂದುಬಿಟ್ಟರೆ ಕ್ಲಾಸಿನವರು ಹುಳಕ್ಕೆ ರೋಗ ಬಂದಿದೆ ಅಂದುಕೊಳ್ಳುತ್ತಾರೆ.

ಮೇಡಂ ಕಾಯುತ್ತಿದ್ದರು. ನಾನು ಅಪ್ಪ ಮಾಡಿದ್ದನ್ನೇ ಮಾಡಿದೆ. ‘ದಿ ವರ್ಮ್ ಸ್ಟಾಪ್ಸ್ ಈಟಿಂಗ್’ ಅಂದೆ. ‘ಇಟ್ ಲಿಫ್ಟ್ಸ್ ಇಟ್ಸ್ ಹೆಡ್ ಲೈಕ್ ದಿಸ್’ ಅಂತ ಕುತ್ತಿಗೆ ಎತ್ತಿ, ಎರಡೂ ಕೈ ಎದೆಗೆ ಸೇರಿಸಿ ತೋರಿಸಿದೆ. ‘ಒನ್ ಡೇ ಇಟ್ ಡಸ್ ನಾಟ್ ಮೂವ್, ದೆನ್ ಇಟ್ ರಿಮೂವ್ಸ್ ಇಟ್ಸ್ ಓಲ್ಡ್ ಸ್ಕಿನ್’ ಅಂದೆ. ಇಡೀ ಕ್ಲಾಸಿಗೆ ಅರ್ಥವಾಯಿತು. ರೇಷ್ಮೆ ಮನೆಯ ಹುಡುಗರು ‘ಹ್ಞಾ, ಜ್ವರ’ ಅಂದರು. ಮೇಡಂ ಬೋರ್ಡಿನ ಮೇಲೆ ‘ಮೋಲ್ಟ್’ ಅನ್ನೋ ಪದ ಬರೆದರು, ಒಂದೂ ಮಾತು ಆಡದೆ. ‘ಇಟ್ ಮೋಲ್ಟ್ಸ್ ಫೋರ್ ಟೈಮ್ಸ್’ ಅಂತ ಮುಂದುವರಿಸಿದೆ.

ಆ ಪದ ನನಗೆ ಮರೆಯೋಕೆ ಸಾಧ್ಯವೇ ಇಲ್ಲ. ಅದೇ ಪದ ಪಾಠದ ಕೊನೆಯ ಕಠಿಣ ಪದಗಳ ಪಟ್ಟಿಯಲ್ಲಿ ಅರ್ಥದ ಜೊತೆ ಬಂದಿದ್ದರೆ ಪರೀಕ್ಷೆ ಮಾರನೇ ದಿನವೇ ಹೋಗುತ್ತಿತ್ತು. ಮೊದಲು ಆ ಪದದ ಆಕಾರದ ಒಂದು ಖಾಲಿ ಜಾಗ ನನ್ನ ಮಾತಿನಲ್ಲಿ ಬಿತ್ತು, ಆಮೇಲೆ ಪದ ಬಂದು ಅಲ್ಲಿ ಕೂತಿತು. ಕೆನಡಾದ ಮೆರಿಲ್ ಸ್ವೇನ್ ಅನ್ನೋರು 1985ರಲ್ಲಿ ಇಂಥದ್ದೇ ಒಂದು ಮಾತು ಹೇಳಿದ್ದಾರೆ. ಅಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಪಾಠಗಳನ್ನೇ ಫ್ರೆಂಚಿನಲ್ಲಿ ಮಾಡುವ ಸ್ಕೂಲುಗಳಿದ್ದವು. ವರ್ಷಗಟ್ಟಲೆ ಕೇಳಿ ಕೇಳಿ ಆ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತಾಡೋದು, ಬರೆಯೋದು ಮಾತ್ರ ಹಿಂದೆ ಉಳಿದಿತ್ತು. ಕೇಳಿದ್ದು ಒಂದೇ ಸಾಲದು, ತಾವಾಗಿ ಹೇಳಬೇಕಾದ ಒತ್ತಡ ಬಂದಾಗಲೇ ತಮಗೆ ಏನು ಬರೋಲ್ಲ ಅನ್ನೋದು ಕಲಿಯೋರಿಗೆ ಕಾಣುತ್ತದೆ ಅಂತ ಅವರು ವಾದಿಸಿದರು.

ನಮ್ಮ ಕಡೆ ಇದು ಹೊಸದೂ ಅಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದರಾಸಿನಂಥ ಕಡೆ ಸಾಮಾನ್ಯ ಸ್ಕೂಲುಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಜಗತ್ತಿನ ಭಾಷಾ ಶಿಕ್ಷಣದ ಪಾಠಗಳಲ್ಲಿ ಅದು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಗಿದೆ. ವ್ಯಾಕರಣ ಪಾಠ ಇಲ್ಲ, ವಾಕ್ಯಗಳನ್ನ ಒಟ್ಟಿಗೆ ಹೇಳಿಸೋದಿಲ್ಲ. ರೈಲ್ವೆ ವೇಳಾಪಟ್ಟಿ ಕೊಟ್ಟು, ಇಷ್ಟು ಗಂಟೆಗೆ ಅಲ್ಲಿರಬೇಕು, ಯಾವ ರೈಲು ಹತ್ತಬೇಕು ಅಂತ ಕೇಳೋದು. ನಕಾಶೆ ಕೊಟ್ಟು ದಾರಿ ಕೇಳೋದು. ಮೊದಲು ಟೀಚರ್ ಇಡೀ ಕ್ಲಾಸಿನ ಜೊತೆ ಒಂದನ್ನ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನ ಮಕ್ಕಳು ಒಬ್ಬೊಬ್ಬರೇ ಬಿಡಿಸಬೇಕು. ತಲೆ ಉತ್ತರದ ಮೇಲಿದ್ದಾಗ ಭಾಷೆ ಜೊತೆಯಲ್ಲೇ ಬೆಳೆಯುತ್ತದೆ ಅನ್ನೋದು ಅವರ ನಂಬಿಕೆ. ಬೆಂಗಳೂರು ನಮಗೆ ಎರಡು ಗಂಟೆ ದಾರಿ. ಆ ಪಾಠ ನಮ್ಮ ತಾಲ್ಲೂಕಿಗೆ ಬಂದಿದ್ದು ನನಗೆ ಕಾಣಲಿಲ್ಲ, ಬಂದಿದ್ದು ಗೈಡು. ಇದಕ್ಕೆ ನಿಜವಾಗಿ ಬೇಸರವಾಗುತ್ತದೆ.

ಇದೇ ಕಾರಣಕ್ಕೆ ಪ್ರಶ್ನಾವಳಿಯ ಬಗ್ಗೆಯೂ ನನಗೊಂದು ತಕರಾರಿದೆ. ‘ಇಂಗ್ಲಿಷ್ ಮಾತಾಡೋಕೆ ಜನರನ್ನ ಹುಡುಕುತ್ತೇನೆ’ ಅಂತ ಅಲ್ಲಿದೆ. ಹುಡುಕಿದರೆ ನಮ್ಮೂರಲ್ಲಿ ಯಾರು ಸಿಗುತ್ತಾರೆ? ಉರ್ದುವಿಗೆ ಮಾರುಕಟ್ಟೆ ಇತ್ತು, ಕನ್ನಡಕ್ಕೆ ಬಯಲಿತ್ತು. ಇಂಗ್ಲಿಷಿಗೆ ನಮ್ಮಂಥವರಿಗೆ ಇರೋದು ಆ ಒಂದು ಪೀರಿಯಡ್ಡು. ಅಲ್ಲಿ 1 ಬರೆದವರು ಸೋಮಾರಿಗಳು ಅಂತಲ್ಲ, ಅವರಿಗೆ ಆಟದ ಬಯಲೇ ಇಲ್ಲ. ಈಗ ನಾನೂ ನನ್ನ ಬೆಂಚಿನ ಗೆಳತಿಯೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಗೇಟಿನವರೆಗೆ ಇಂಗ್ಲಿಷ್. ಪದ ಸಿಗದಿದ್ದರೆ ಕನ್ನಡಕ್ಕೆ ಇಳಿಯೋ ಹಾಗಿಲ್ಲ, ಸುತ್ತಿ ಬಳಸಿಯಾದರೂ ಹೇಳಬೇಕು, ಕೈಕಾಲು ಆಡಿಸಿಯಾದರೂ ಸರಿ. ಮೊನ್ನೆ ಅವಳು ಬಿಲ್ವಪತ್ರೆ ಮರವನ್ನ ವಿವರಿಸೋ ಹೊತ್ತಿಗೆ ಗೇಟು ಬಂದುಬಿಟ್ಟಿತು.

ಬರವಣಿಗೆ ಬೀದಿಯಲ್ಲಿ ಸಿಗೋಲ್ಲ

ಒಂದು ಮಾತು ಹೇಳದಿದ್ದರೆ ಈ ಬರಹ ಒಂದು ಕಡೆ ವಾಲುತ್ತದೆ. ನನಗೆ ತೆಲುಗು ಮಾತಾಡೋಕೆ ಬರುತ್ತದೆ, ಓದೋಕೆ ಬರೋಲ್ಲ. ಅಪ್ಪನ ಉರ್ದುವೂ ಬಾಯಿಮಾತಿನದೇ. ಬೀದಿ, ಬಯಲು, ಮಾರುಕಟ್ಟೆ ಇವು ಮಾತು ಕೊಡುತ್ತವೆ. ಓದು ಬರಹ ಕೊಟ್ಟಿದ್ದು ಸ್ಕೂಲು. ನಾನು ಇವತ್ತು ಕನ್ನಡದಲ್ಲಿ ಇಷ್ಟು ಬರೆಯುತ್ತಿದ್ದೇನೆ ಅಂದರೆ ಅದಕ್ಕೆ ಕಾಪಿ ಬರೆಸಿದ, ಉಕ್ತಲೇಖನ ಕೊಟ್ಟ ಟೀಚರುಗಳು ಕಾರಣ. ಇಂಗ್ಲಿಷ್ ಬರವಣಿಗೆಯಲ್ಲಿ ಕೈಸನ್ನೆ ನಡೆಯೋಲ್ಲ, ಎದುರಿನವರ ಮುಖ ನೋಡಿ ಊಹಿಸೋದೂ ನಡೆಯೋಲ್ಲ. ಅಲ್ಲಿ ಕೂತು ಕಲಿಯಲೇಬೇಕು.

ನನಗೆ ಈಗ ಜಾಸ್ತಿ ತೊಂದರೆ ಕೊಡುತ್ತಿರೋದು ‘ಎ’, ‘ದಿ’ ಅನ್ನೋ ಆರ್ಟಿಕಲ್‌ಗಳು. ತೆಲುಗಿನಲ್ಲೂ ಕನ್ನಡದಲ್ಲೂ ಅಂಥದ್ದಿಲ್ಲ, ಹಾಗಾಗಿ ‘ಪ’ದಿಂದ ‘ಹ’ಗೆ ದಾಟಿದ ಹಾಗೆ ದಾಟೋಕೆ ಸೇತುವೆಯೇ ಇಲ್ಲ. ಮಾತಿನಲ್ಲಿ ಬಿಟ್ಟರೂ ಜನಕ್ಕೆ ಅರ್ಥವಾಗುತ್ತದೆ, ಅದಕ್ಕೇ ಯಾರೂ ತಿದ್ದೋಲ್ಲ. ಇದಕ್ಕೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಲೈಬ್ರರಿಯ ಇಂಗ್ಲಿಷ್ ಪೇಪರಿನಿಂದ ಒಂದು ಪ್ಯಾರಾ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇನೆ, ಎಲ್ಲಾ ಎ, ಆ್ಯನ್, ದಿ ಬಿಟ್ಟು. ಮಾರನೇ ದಿನ ನಾನೇ ತುಂಬುತ್ತೇನೆ, ಆಮೇಲೆ ಪೇಪರು ತೆಗೆದು ಹೋಲಿಸುತ್ತೇನೆ. ಒಂದು ವಸ್ತು ಮೊದಲ ಸಲ ಬಂದಾಗ ಎ, ಅದನ್ನೇ ಮತ್ತೆ ಹೇಳುವಾಗ ದಿ ಅನ್ನೋದು ಈಗ ಯೋಚಿಸದೇ ಕೈಗೆ ಬರುತ್ತಿದೆ. ಹೆಸರುಗಳಲ್ಲಿ ಇನ್ನೂ ಎಡವುತ್ತೇನೆ. ಹಿಮಾಲಯಕ್ಕೆ ದಿ ಬೇಕು, ನಮ್ಮ ನಂದಿ ಹಿಲ್ಸ್‌ಗೆ ಯಾರೂ ಹಾಕೋಲ್ಲ. ಕಾವೇರಿಗೆ ಬೇಕು, ಕೆರೆಗಳ ಹೆಸರಿಗೆ ಬೇಡ. ಮೇಡಂ ಹತ್ತಿರ ಕೇಳಿದೆ. ನಿಯಮ ಹೇಳೋದು ಬೇಡ, ಮೊದಲು ನೀನೇ ಹೆಸರುಗಳನ್ನ ಎರಡು ಪಟ್ಟಿ ಮಾಡಿಕೊಂಡು ಬಾ, ಆಮೇಲೆ ಕೂತು ನೋಡೋಣ ಅಂದರು. ನದಿ, ಬೆಟ್ಟ, ಕೆರೆ, ಊರು, ಪೇಪರಿನ ಹೆಸರು, ಹೋಟೆಲಿನ ಹೆಸರು, ಕಂಡಿದ್ದೆಲ್ಲಾ ಬರೆಯುತ್ತಿದ್ದೇನೆ. ದಿ ಇರೋ ಪಟ್ಟಿ ಸಣ್ಣದು, ಇಲ್ಲದ್ದು ದೊಡ್ಡದಾಗುತ್ತಿದೆ. ಸೋಮವಾರ ತೋರಿಸಬೇಕು.